ಕಿವಿ ಮಶಿನ್ ಹಾಕಿಕೊಂಡವರ ಮಾತನ್ನೂ ಕೇಳೋಣ

(ಕಲಬುರಗಿ ನಗರ ಹಾಗೂ ಕಮಲಾಪುರ ಭಾಗದ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)



ಸಂಘದ ಸಭೆ ಅಂದ್ರೆ ಉಳಿತಾಯ, ಸಾಲ, ಕಂತು, ಬ್ಯಾಂಕಿನ ಕೆಲಸ, ಹೊಲಿಗೆ ತರಬೇತಿ ಇವೇ ವಿಷಯಗಳು. ಇವತ್ತು ಕಿವಿಯ ಬಗ್ಗೆ ಮಾತಾಡ್ರಿ ಅಂತ ನನ್ನನ್ನು ಕರೆದಿದ್ದಾರೆ. ಕಿವಿಗೂ ಸಂಘಕ್ಕೂ ಏನು ಸಂಬಂಧ ಅಂತ ಕೆಲವರಿಗೆ ಅನ್ನಿಸಿರಬಹುದು. ನಿಮ್ಮ ಸಂಘದ ಸಾಲದ ಪುಸ್ತಕ ತೆಗೆದು ನೋಡ್ರಿ. ಸಾಲದ ಉದ್ದೇಶ ಬರೆಯುವ ಕಡೆ ಎಮ್ಮೆ, ಹೊಲಿಗೆ ಮಶಿನ್, ಬೀಜ-ಗೊಬ್ಬರ, ಮಗಳ ಮದುವೆ ಇವುಗಳ ನಡುವೆ ಎಲ್ಲೋ ಒಂದು ಕಡೆ 'ಅತ್ತೆಯ ಕಿವಿ ಮಶಿನ್' ಅಂತಲೂ ಇರ್ತದೆ. ಎಮ್ಮೆ ಹಾಲು ಕೊಡ್ತದೆ, ಹೊಲಿಗೆ ಮಶಿನ್ ದುಡಿದು ಕೊಡ್ತದೆ. ಕಿವಿ ಮಶಿನ್ ಮಾತ್ರ ಎರಡು ತಿಂಗಳು ಕಿವಿಯಲ್ಲಿದ್ದು, ಆಮೇಲೆ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಸೇರ್ತದೆ. ಕಂತು ಮಾತ್ರ ತಿಂಗಳು ತಿಂಗಳು ತಪ್ಪದೇ ಕಟ್ಟುತ್ತಿರುತ್ತೀರಿ.

ಅಂಥ ಮನೆಗೆ ಹೋಗಿ ಕೇಳಿದ್ರೆ ಎರಡು ಉತ್ತರ ಸಿಗ್ತವೆ. ಮಗ ರಿಪೋರ್ಟ್ ತೋರಿಸಿ ಹೇಳ್ತಾನೆ: "ನೋಡ್ರಿ, ಡಾಕ್ಟರ್ ಪರೀಕ್ಷೆ ಮಾಡ್ಯಾರ. ಮಶಿನ್ ಹಾಕಿದ ಮ್ಯಾಲ ಬರೋಬ್ಬರಿ ಕೇಳಸ್ತದ ಅಂತ ಬರದಾರ. ನಮ್ಮವ್ವನೇ ಹಟ ಮಾಡಿ ಹಾಕ್ಕೊಳಂಗಿಲ್ಲ." ಅವ್ವ ಹೇಳ್ತಾಳೆ: "ಕೇಳಸ್ತದ ಯವ್ವಾ, ಗದ್ದಲ ಕೇಳಸ್ತದ. ಮಾತು ತಿಳಿಯಂಗಿಲ್ಲ." ಇವರಲ್ಲಿ ಯಾರ ಮಾತು ಖರೆ? ನಾವು ಸಾಮಾನ್ಯವಾಗಿ ಕಾಗದ ಇದ್ದವರ ಕಡೆ ನಿಲ್ತೀವಿ. ಅದರಲ್ಲಿ ಅಂಕಿ ಇದೆ, ಸಹಿ ಇದೆ, ಮೊಹರು ಇದೆ. ಆ ತಾಯಿಯ ಹತ್ತಿರ ಇರುವುದು ಬರೇ ಬಾಯಿಮಾತು. ನಾನು ಹೇಳುವುದೇನೆಂದರೆ ಇಬ್ಬರ ಮಾತೂ ಖರೆ. ಕಾಗದ ಒಂದನ್ನು ಅಳೆದಿದೆ, ಆ ತಾಯಿ ಅನುಭವಿಸುತ್ತಿರುವುದು ಇನ್ನೊಂದನ್ನು. ಈ ಎರಡರ ನಡುವೆ ಅಂತರ ಎಷ್ಟಿದೆ, ಯಾಕೆ ಇದೆ ಅಂತ ಆಕೆಯ ಜೊತೆ ಕುಳಿತು ಮಾತಾಡುವವರು ಯಾರೂ ಇಲ್ಲದ್ದಕ್ಕೆ ಮಶಿನ್ ಟ್ರಂಕಿಗೆ ಹೋಗ್ತದೆ.

ಮೊದಲು ಕಾಗದದ ವಿಷಯ ನೋಡೋಣ. ಕಿವಿ ಪರೀಕ್ಷೆಗೆ ಹೋಗಿಬಂದವರು ನಿಮ್ಮಲ್ಲೂ ಕೆಲವರು ಇದ್ದೀರಿ. ಗೋಡೆಗೆಲ್ಲ ಮೆತ್ತನೆಯ ಹೊದಿಕೆ ಹಾಕಿದ ಸಣ್ಣ ಕೋಣೆ. ಬಾಗಿಲು ಮುಚ್ಚಿದರೆ ಹೊರಗಿನ ಸಪ್ಪಳ ಒಳಗೆ ಬರುವುದಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿ 'ಕುಂಯ್' ಅಂತ ಸಣ್ಣ ಶಬ್ದ ಬಿಡ್ತಾರೆ. ಕೇಳಿಸಿದರೆ ಕೈ ಎತ್ತಬೇಕು, ಇಲ್ಲವೇ ಗುಂಡಿ ಒತ್ತಬೇಕು. ಶಬ್ದವನ್ನು ಕಡಿಮೆ ಮಾಡುತ್ತಾ ಹೋಗಿ, ಎಷ್ಟು ಸಣ್ಣ ಶಬ್ದದ ತನಕ ನಿಮಗೆ ಗೊತ್ತಾಗ್ತದೆ ಅಂತ ಗುರುತು ಹಾಕಿಕೊಳ್ತಾರೆ. ಡೊಳ್ಳಿನಂಥ ದಪ್ಪ ದನಿಯಿಂದ ಹಿಡಿದು ಹಕ್ಕಿಯ ಕೂಗಿನಂಥ ತೆಳ್ಳನೆ ದನಿಯವರೆಗೆ, ಲೆಕ್ಕದಲ್ಲಿ ಹೇಳುವುದಾದರೆ 250 ಹರ್ಟ್ಸ್‌ನಿಂದ 8,000 ಹರ್ಟ್ಸ್‌ವರೆಗೆ, ಒಂದೊಂದು ದನಿಗೂ ಹೀಗೆ ಗುರುತು ಬೀಳ್ತದೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರದ ಚಿಹ್ನೆ. ಆ ಗುರುತುಗಳನ್ನು ಕೂಡಿಸಿ ಗೆರೆ ಎಳೆದದ್ದೇ ಆಡಿಯೋಗ್ರಾಮ್. ಮುಖ್ಯವಾದ ಕೆಲವು ದನಿಗಳ ಸರಾಸರಿ ತೆಗೆದು ಒಂದು ಅಂಕಿ ಬರೀತಾರೆ, 45 ಡೆಸಿಬಲ್, 55 ಡೆಸಿಬಲ್ ಹೀಗೆ. ವಿಶ್ವ ಆರೋಗ್ಯ ಸಂಸ್ಥೆ 2021ರ ವರದಿಯಲ್ಲಿ ಕೊಟ್ಟ ಪಟ್ಟಿಯ ಪ್ರಕಾರ 20 ಡೆಸಿಬಲ್‌ಗಿಂತ ಕಡಿಮೆ ಇದ್ದರೆ ಕಿವಿ ಸರಿ ಇದೆ ಎಂದರ್ಥ. 20ರಿಂದ 35ರ ಒಳಗಿದ್ದರೆ ಅಲ್ಪ, 35ರಿಂದ 50ರ ಒಳಗಿದ್ದರೆ ಮಧ್ಯಮ, ಅಲ್ಲಿಂದ ಮೇಲೆ ಹೋದ ಹಾಗೆ ತೀವ್ರ.

ಇಲ್ಲಿ ಒಂದು ಗೊಂದಲ ಎಲ್ಲರ ಮನೆಯಲ್ಲೂ ಇದೆ. "ನಮ್ಮ ಕಾಕಾಗ 60 ಪರ್ಸೆಂಟ್ ಕಿವಿ ಹೋಗ್ಯದ" ಅಂತೀರಿ. ಚೀಟಿ ನೋಡಿದರೆ 60 ಡೆಸಿಬಲ್ ಅಂತ ಇರ್ತದೆ. ಡೆಸಿಬಲ್ ಅಂದ್ರೆ ಪರ್ಸೆಂಟ್ ಅಲ್ಲ. ಸೊನ್ನೆ ಡೆಸಿಬಲ್ ಅಂದ್ರೆ ಶಬ್ದವೇ ಇಲ್ಲ ಎಂದೂ ಅಲ್ಲ, ಚೆನ್ನಾಗಿ ಕೇಳಿಸುವ ಹರೆಯದವರಿಗೆ ಕೇಳಿಸುವ ಅತಿ ಸಣ್ಣ ಶಬ್ದ ಅದು. ಪ್ರತಿ 10 ಡೆಸಿಬಲ್ ಏರಿದಾಗ ಶಬ್ದದ ಶಕ್ತಿ ಹತ್ತು ಪಟ್ಟು ಆಗ್ತದೆ, ನಮ್ಮ ಕಿವಿಗೆ ಹೆಚ್ಚುಕಡಿಮೆ ಎರಡು ಪಟ್ಟು ಜೋರು ಅನ್ನಿಸ್ತದೆ. ಆದ್ದರಿಂದ 60 ಅಂದ್ರೆ ನೂರರಲ್ಲಿ ಅರವತ್ತು ಹೋಯಿತು, ನಲವತ್ತು ಉಳಿಯಿತು ಅನ್ನುವ ಲೆಕ್ಕ ತಪ್ಪು.

ಪರ್ಸೆಂಟಿನ ಲೆಕ್ಕವೂ ಇದೆ, ಅದು ಬೇರೆ. ಪದಗಳನ್ನು ಕೇಳಿಸಿ, "ಹಂಗೇ ತಿರುಗಿ ಹೇಳ್ರಿ" ಅಂತಾರಲ್ಲ, ಅದರಲ್ಲಿ ನೂರಕ್ಕೆ ಎಷ್ಟು ಸರಿ ಅನ್ನುವುದು ಪರ್ಸೆಂಟು. ಅಂಗವಿಕಲರ ಸರ್ಟಿಫಿಕೇಟಿನಲ್ಲಿ ಬರೆಯುವ ಪರ್ಸೆಂಟು ಮೂರನೆಯದು. ಅದನ್ನು ಎರಡೂ ಕಿವಿಯ ಡೆಸಿಬಲ್ ಹಿಡಿದು ಸರ್ಕಾರದ ಸೂತ್ರದಲ್ಲಿ ಲೆಕ್ಕ ಹಾಕ್ತಾರೆ. ಅದರಲ್ಲಿ ಚೆನ್ನಾಗಿರುವ ಕಿವಿಗೆ ಐದು ಪಾಲು, ಕೆಟ್ಟಿರುವ ಕಿವಿಗೆ ಒಂದೇ ಪಾಲು. ಹಾಗಾಗಿ ಒಂದು ಕಿವಿ ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದವರಿಗೆ ಸರ್ಟಿಫಿಕೇಟಿನಲ್ಲಿ ಪರ್ಸೆಂಟ್ ಕಡಿಮೆ ಬರ್ತದೆ. ಅದನ್ನು ನೋಡಿ 'ಇವರು ನಾಟಕ ಮಾಡ್ತಾರೆ' ಅನ್ನಬಾರದು. ಬಜಾರಿನಲ್ಲಿ ಆ ಕಡೆಯಿಂದ ಬರುವ ಆಟೋ ಅವರಿಗೆ ನಿಜವಾಗಿಯೂ ಕೇಳಿಸುವುದಿಲ್ಲ.

ಈಗ ಕಾಗದ ಅಳೆಯದೇ ಬಿಟ್ಟದ್ದೇನು ಅಂತ ನೋಡ್ರಿ. ಆ ಕೋಣೆಯಲ್ಲಿ ಫ್ಯಾನ್ ಇರಲಿಲ್ಲ. ನಮ್ಮ ಕಲಬುರಗಿಯಲ್ಲಿ ಶಿವರಾತ್ರಿ ಮುಗಿದ ಮೇಲೆ ಫ್ಯಾನ್ ಇಲ್ಲದೆ ಯಾರ ಮನೆ ನಡೀತದೆ? ಬಿಸಿಲು 40 ಡಿಗ್ರಿ ದಾಟಿದ ಮೇಲೆ ಕೂಲರ್ ಹಗಲು-ರಾತ್ರಿ 'ಬರ್ರ್' ಅಂತ ತಿರುಗ್ತಿರ್ತದೆ. ಕೂಲರಿನ ಪಕ್ಕ ಕುಳಿತ ಅತ್ತೆಗೆ ಅಡುಗೆಮನೆಯಿಂದ ಸೊಸೆ ಕೂಗಿ ಹೇಳ್ತಾಳೆ. ಕೋಣೆಯಲ್ಲಿ ಶಬ್ದ ಕಿವಿಯ ಬಾಯಿಗೇ ಬಂದು ಬಿದ್ದಿತ್ತು, ಇಲ್ಲಿ ಹದಿನೈದು ಅಡಿ ದೂರದಿಂದ, ಗೋಡೆ ಸುತ್ತಿ ಬರಬೇಕು. ಕೋಣೆಯಲ್ಲಿ ಒಂದೊಂದೇ ಶಬ್ದ ಬಂತು, ಇಲ್ಲಿ ಟಿ.ವಿ. ಧಾರಾವಾಹಿ, ಕುಕ್ಕರಿನ ಸೀಟಿ, ಮಕ್ಕಳ ಜಗಳ ಎಲ್ಲವೂ ಒಟ್ಟಿಗೇ. ಅಲ್ಲಿ ಕೇಳಿದ್ದು 'ಶಬ್ದ ಬಂತೋ ಇಲ್ಲವೋ' ಅನ್ನುವ ಪ್ರಶ್ನೆ. ಇಲ್ಲಿ ಬೇಕಾದದ್ದು 'ಏನು ಹೇಳಿದರು' ಅನ್ನುವುದು.

ಶಬ್ದ ಕೇಳಿಸುವುದು ಬೇರೆ, ಮಾತು ತಿಳಿಯುವುದು ಬೇರೆ. ಇದಕ್ಕೆ ಕಾರಣ ಬಹಳ ಸರಳ. ನಮ್ಮ ಮಾತಿನಲ್ಲಿ ಆ, ಓ, ಉ ಇಂಥ ಸ್ವರಗಳು ದಪ್ಪ ದನಿಯವು, ಬಲ ಜಾಸ್ತಿ. ಸ, ಶ, ತ, ಕ ಇಂಥ ವ್ಯಂಜನಗಳು ತೆಳ್ಳನೆಯವು, ಬಲ ಕಡಿಮೆ. ವಯಸ್ಸಾದಾಗ ಕಿವಿ ಮೊದಲು ಕಳೆದುಕೊಳ್ಳುವುದು ತೆಳ್ಳನೆ ದನಿಗಳನ್ನೇ. ವರ್ಷಗಟ್ಟಲೆ ದಾಲ್ ಮಿಲ್ಲಿನಲ್ಲಿ, ಶಹಾಬಾದ್ ಕಲ್ಲು ಕೊಯ್ಯುವ ಮಶಿನ್ ಹತ್ತಿರ, ಹಿಟ್ಟಿನ ಗಿರಣಿಯಲ್ಲಿ ದುಡಿದವರಿಗೂ ಹೀಗೆಯೇ, 4,000 ಹರ್ಟ್ಸ್ ಸುತ್ತಮುತ್ತ ಮೊದಲು ಪೆಟ್ಟು ಬೀಳ್ತದೆ. ಈಗ ನೀವು ಸಭೆಯಲ್ಲಿ 'ಕಾಸು' ಅಂದ್ರಿ, 'ತಾಸು' ಅಂದ್ರಿ, 'ಪಾಸು' ಅಂದ್ರಿ. ಅಂಥವರಿಗೆ ಮೂರೂ ಬರೇ 'ಆ... ಉ' ಅಂತ ಕೇಳಿಸ್ತವೆ. ಉಳಿದದ್ದನ್ನು ತುಟಿ ನೋಡಿ, ಸಂದರ್ಭ ನೋಡಿ ಊಹೆ ಮಾಡಿಕೊಳ್ಳಬೇಕು. ದಪ್ಪ ದನಿಗಳು ಚೆನ್ನಾಗಿ ಉಳಿದಿದ್ದರೆ ಸರಾಸರಿ ಅಂಕಿ ಅಷ್ಟು ಕೆಟ್ಟದಾಗಿ ಬರುವುದಿಲ್ಲ. ರಿಪೋರ್ಟಿನಲ್ಲಿ 'ಅಲ್ಪ' ಅಂತ ಬರೀತಾರೆ. ಅನುಭವಿಸುವವರಿಗೆ ಅದು ಅಲ್ಪ ಅಲ್ಲ.

ಕಮಲಾಪುರದ ಕಡೆಯ ಒಂದು ಸಂಘದಲ್ಲಿ ಹೀಗೇ ಆಯಿತು. ಹೆಸರು ಬೇಡ. ಒಬ್ಬ ಹಿರಿಯ ಸದಸ್ಯೆ, ಮಾತು ಕಡಿಮೆ, ಯಾವ ವಿಷಯ ಬಂದರೂ 'ಹೂಂ' ಅಂತ ತಲೆ ಅಲ್ಲಾಡಿಸುವವರು. ಒಂದು ದಿನ ಇನ್ನೊಬ್ಬಳ ಸಾಲಕ್ಕೆ ಜಾಮೀನು ನಿಲ್ಲುವ ಠರಾವು ಓದಿದರು, ಇವರೂ 'ಹೂಂ' ಅಂದ್ರು, ಸಹಿ ಹಾಕಿದ್ರು. ಆರು ತಿಂಗಳ ಮೇಲೆ ಕಂತು ನಿಂತಾಗ ಇವರ ಹೆಸರು ಬಂತು. "ನನಗ ಯಾರೂ ಹೇಳೇ ಇಲ್ಲ" ಅಂದ್ರು. ಎಲ್ಲರೂ ಸಿಟ್ಟಾದರು. "ನಮ್ಮ ಮುಂದನೇ ಹೂಂ ಅಂದೀರಿ, ಈಗ ರೊಕ್ಕ ಕೊಡೋ ಹೊತ್ತಿಗೆ ಕಿವಿ ಕೇಳಸಂಗಿಲ್ಲ ಅಂತೀರೇನು?" ಕಿವಿ ಪರೀಕ್ಷೆ ಮಾಡಿಸಿದರೆ ಅಲ್ಪ ನಷ್ಟ ಅಂತ ಬಂತು. ಸಂಘದವರ ಅನುಮಾನ ಇನ್ನೂ ಗಟ್ಟಿಯಾಯಿತು. ನಾನು ಆ ಆಡಿಯೋಗ್ರಾಮ್ ನೋಡಿದೆ. ಗೆರೆ 1,000 ಹರ್ಟ್ಸ್ ತನಕ ಮೇಲೆಯೇ ಇದೆ, ಆಮೇಲೆ ಬಾವಿಗೆ ಇಳಿದ ಹಾಗೆ ಕೆಳಗಿಳಿದಿದೆ. ಎದುರು ಕುಳಿತು ಒಬ್ಬರೇ ಮಾತಾಡಿದರೆ ಆಕೆಗೆ ಎಲ್ಲವೂ ತಿಳೀತದೆ. ಹದಿನೈದು ಜನ ಸುತ್ತ ಕುಳಿತು, ಒಬ್ಬರು ಪುಸ್ತಕದಲ್ಲಿ ಮುಖ ಹುದುಗಿಸಿ ಗಡಿಬಿಡಿಯಲ್ಲಿ ಓದಿದರೆ ಅರ್ಧವೂ ತಿಳಿಯುವುದಿಲ್ಲ. ಆಕೆ 'ಹೂಂ' ಅಂದದ್ದು ಒಪ್ಪಿಗೆಯಿಂದಲ್ಲ, ಮತ್ತೆ ಮತ್ತೆ 'ಏನಂದ್ರಿ' ಅಂತ ಕೇಳಲು ನಾಚಿಕೆಯಾಗಿ. ಇದನ್ನು ಸಂಘದವರಿಗೆ ಬಿಡಿಸಿ ಹೇಳಿದಾಗ ಕೆಲವರು ಒಪ್ಪಿದರು, ಕೆಲವರು ಒಪ್ಪಲಿಲ್ಲ. ಆದರೆ ಅಲ್ಲಿಂದ ಮುಂದೆ ಆ ಸಂಘದಲ್ಲಿ ಠರಾವು ಓದಿದ ಮೇಲೆ 'ತಿಳೀತೇನ್ರಿ' ಅಂತ ಕೇಳುವುದನ್ನು ಬಿಟ್ಟು, 'ಏನು ಠರಾವು ಆಯ್ತು, ನೀವು ಹೇಳ್ರಿ' ಅಂತ ಒಬ್ಬೊಬ್ಬರ ಕೈಯಲ್ಲಿ ಹೇಳಿಸ್ತಾರೆ. ಕಿವಿ ಚೆನ್ನಾಗಿದ್ದವರಿಗೂ ಎಷ್ಟೋ ತಿಳಿದಿರಲಿಲ್ಲ ಅಂತ ಆಗ ಗೊತ್ತಾಯಿತಂತೆ!

ಇದಕ್ಕೆ ತಿರುವುಮುರುವು ಆಗುವುದೂ ಉಂಟು. ರಿಪೋರ್ಟಿನಲ್ಲಿ 55 ಡೆಸಿಬಲ್ ಇರ್ತದೆ, ಮುತ್ಯಾ ಮಾತ್ರ "ನನಗೇನಾಗ್ಯದ? ಬರೋಬ್ಬರಿ ಕೇಳಸ್ತದ. ನೀವೇ ಬಾಯಾಗ ಮಾತಾಡ್ತೀರಿ" ಅಂತಾರೆ. ಇದು ಬರೇ ಮೊಂಡುತನ ಅಂತ ತಿಳೀಬೇಡ್ರಿ. ಕಣ್ಣು ಮಂಜಾದರೆ ಮಂಜಾಗಿದ್ದು ಕಣ್ಣಿಗೇ ಕಾಣ್ತದೆ. ಕಿವಿಯ ವಿಷಯ ಹಾಗಲ್ಲ. ಕೇಳಿಸದೇ ಹೋದ ಮಾತು ಇತ್ತು ಅಂತ ಆ ಮನುಷ್ಯನಿಗೆ ಹ್ಯಾಂಗ ಗೊತ್ತಾಗಬೇಕು? ಹತ್ತು-ಹದಿನೈದು ವರ್ಷದಲ್ಲಿ ಸ್ವಲ್ಪ ಸ್ವಲ್ಪವೇ ಕಡಿಮೆಯಾದದ್ದು. ಅಷ್ಟರಲ್ಲಿ ಮನೆಯವರು ತಮಗೇ ಗೊತ್ತಿಲ್ಲದೆ ದನಿ ಏರಿಸಿರ್ತಾರೆ, ಟಿ.ವಿ. ದನಿ ಏರಿರ್ತದೆ. ಮುತ್ಯಾ ಕಟ್ಟೆಗೆ ಹೋಗುವುದನ್ನು ಬಿಟ್ಟಿರ್ತಾರೆ, ಮದುವೆ-ಮುಂಜಿಗೆ ಹೋಗುವುದನ್ನು ಬಿಟ್ಟಿರ್ತಾರೆ. ಕೇಳಿಸದ ಜಾಗಕ್ಕೆ ಹೋಗದಿದ್ದ ಮೇಲೆ ಕೇಳಿಸಲಿಲ್ಲ ಅನ್ನುವ ತೊಂದರೆ ಎಲ್ಲಿ ಬಂತು? ಎಷ್ಟೋ ಮನೆಗಳಲ್ಲಿ ಅತ್ತೆ-ಸೊಸೆ ಜಗಳದ ಬೇರು ಇಲ್ಲಿದೆ. ಅತ್ತೆಗೆ ಸೊಸೆ ತುಟಿ ಅಲ್ಲಾಡಿಸಿದ್ದು ಕಾಣ್ತದೆ, ಮಾತು ತಿಳಿಯುವುದಿಲ್ಲ. 'ನನಗೇ ಏನೋ ಅಂತಿದ್ದಾಳ' ಅಂತ ಅನುಮಾನ.

ಅಮೆರಿಕದಲ್ಲಿ ವೆಂಟ್ರಿ ಮತ್ತು ವೈನ್‌ಸ್ಟೈನ್ ಎಂಬ ಇಬ್ಬರು 1982ರಲ್ಲೇ ವಯಸ್ಸಾದವರಿಗಾಗಿ ಒಂದು ಪ್ರಶ್ನಾವಳಿ ಮಾಡಿದರು. ಶಬ್ದದ ಯಂತ್ರ ಇಲ್ಲ, ಬರೇ ಪ್ರಶ್ನೆಗಳು. ಕಿವಿಯ ಕಾರಣಕ್ಕೆ ಮನೆಯವರ ಜೊತೆ ಮಾತಿಗೆ ಮಾತು ಬೆಳೀತದಾ, ಹೊಸಬರ ಮುಂದೆ ಮುಜುಗರ ಆಗ್ತದಾ, ಹೋಗಬೇಕೆಂದ ಕಡೆ ಹೋಗುವುದು ತಪ್ತದಾ, ಈ ರೀತಿಯವು. ಆಮೇಲೆ ಅದರಲ್ಲಿ 10 ಪ್ರಶ್ನೆಗಳ ಚಿಕ್ಕ ರೂಪವೂ ಬಂತು, ಅದನ್ನು ಜಗತ್ತಿನ ಬೇರೆ ಬೇರೆ ದೇಶಗಳಲ್ಲಿ ಇವತ್ತಿಗೂ ಬಳಸ್ತಾರೆ. ಒಂದೇ ಡೆಸಿಬಲ್ ಇರುವ ಇಬ್ಬರಲ್ಲಿ ಒಬ್ಬರು ಆರಾಮ ಇರ್ತಾರೆ, ಇನ್ನೊಬ್ಬರು ಮೂಲೆ ಸೇರಿರ್ತಾರೆ. ಮನೆಯಲ್ಲಿ ಇಬ್ಬರೇ ಇರುವ ಅಜ್ಜಿಗೂ, ದಿನಾ ನೂರು ಗಿರಾಕಿಗಳ ಜೊತೆ ವ್ಯವಹಾರ ಮಾಡುವ ತರಕಾರಿ ಮಾರುವ ಅಕ್ಕನಿಗೂ ಕಿವಿಯ ಅಗತ್ಯ ಒಂದೇ ಅಲ್ಲವಲ್ಲ.

ಇನ್ನು ಮಶಿನ್ ಹಾಕಿದ ಮೇಲಿನ ಕಥೆ. ಕನ್ನಡಕ ಹಾಕಿದ ಕೂಡಲೇ ಅಕ್ಷರ ಕಾಣ್ತವೆ. ಅದೇ ಆಸೆಯಿಂದ ಕಿವಿ ಮಶಿನ್ ಹಾಕಿಕೊಳ್ತಾರೆ, ನಿರಾಶೆ ಅಲ್ಲೇ ಶುರು. ಮಶಿನ್ ಕಿವಿಯನ್ನು ರಿಪೇರಿ ಮಾಡುವುದಿಲ್ಲ, ಶಬ್ದವನ್ನು ಜೋರು ಮಾಡಿ ಒಳಗೆ ಕಳಿಸ್ತದೆ. ಅದನ್ನು ಬಿಡಿಸಿ ಅರ್ಥ ಮಾಡಿಕೊಳ್ಳುವುದು ಮೆದುಳಿನ ಕೆಲಸ. ಹತ್ತು ವರ್ಷ ಕೇಳಿಸದಿದ್ದ ಶಬ್ದಗಳು ಒಮ್ಮೆಲೇ ಬಂದಾಗ ಮೆದುಳಿಗೆ ಗಾಬರಿ. ಪಾತ್ರೆ ಇಟ್ಟರೆ ತಲೆಗೆ ಹೊಡೆದ ಹಾಗೆ, ತನ್ನ ದನಿ ಕೊಡದೊಳಗಿಂದ ಬಂದ ಹಾಗೆ, ರೊಟ್ಟಿ ಅಗಿದರೆ ಕರಕರ. ಮೊದಲ ವಾರ ಇದು ಸಹಜ. ಇದನ್ನು ಯಾರಾದರೂ ಮುಂಚೆಯೇ ಹೇಳಿದ್ದರೆ ಆ ತಾಯಿ ತಡೆದುಕೊಳ್ತಿದ್ದಳು. ಹೇಳದೇ ಹೋದದ್ದಕ್ಕೆ 'ಮಶಿನ್ ಖರಾಬ್' ಅಂತ ತೀರ್ಮಾನ.

ನನ್ನ ಸಲಹೆ: ಮೊದಲ ನಾಲ್ಕೈದು ದಿನ ಮನೆಯೊಳಗೆ, ಶಾಂತ ಹೊತ್ತಿನಲ್ಲಿ, ಒಂದೆರಡು ತಾಸು. ಒಬ್ಬರೇ ಎದುರು ಕುಳಿತು ಮಾತಾಡ್ರಿ. ಆಮೇಲೆ ನಾಲ್ಕು ತಾಸು, ಆಮೇಲೆ ಇಬ್ಬರು-ಮೂವರ ನಡುವೆ. ಟಿ.ವಿ. ಆಮೇಲೆ. ಸಂತೆ, ಬಸ್‌ಸ್ಟ್ಯಾಂಡ್, ಮದುವೆ ಮನೆ ಎಲ್ಲಕ್ಕಿಂತ ಕೊನೆಗೆ. ನಾವು ಮಾಡುವುದು ತಿರುವುಮುರುವು. ಮಶಿನ್ ತಂದ ದಿನವೇ ಸೂಪರ್ ಮಾರ್ಕೆಟಿನ ಗದ್ದಲದಲ್ಲಿ ನಿಲ್ಲಿಸಿ "ಕೇಳಸ್ತದೇನು, ಕೇಳಸ್ತದೇನು" ಅಂತ ಎರಡೂ ಕಡೆಯಿಂದ ಕೂಗ್ತೀವಿ.

ಗದ್ದಲದಲ್ಲಿ ಎಷ್ಟೇ ಒಳ್ಳೆಯ ಮಶಿನ್ ಇದ್ದರೂ ತೊಂದರೆ ಪೂರ್ತಿ ಹೋಗುವುದಿಲ್ಲ, ಇದನ್ನು ಮುಚ್ಚಿಡುವುದರಲ್ಲಿ ಅರ್ಥ ಇಲ್ಲ. ಅಲ್ಲಿ ಮಶಿನಿಗಿಂತ ನಾವು ಮಾಡುವ ಉಪಾಯವೇ ಹೆಚ್ಚು ಕೆಲಸಕ್ಕೆ ಬರ್ತದೆ. ಮಾತಾಡುವವರು ದೂರವನ್ನು ಅರ್ಧಕ್ಕೆ ಇಳಿಸಿದರೆ ಬಯಲಿನಲ್ಲಿ ಸುಮಾರು 6 ಡೆಸಿಬಲ್ ಲಾಭ, ರೊಕ್ಕ ಖರ್ಚಿಲ್ಲ. ಮುಖಕ್ಕೆ ಬೆಳಕು ಬೀಳುವಂತೆ ಕುಳಿತುಕೊಳ್ರಿ. ಮೊದಲು ಹೆಸರು ಕರೆದು, ಅವರು ನೋಡಿದ ಮೇಲೆ ಮಾತು ಶುರು ಮಾಡ್ರಿ. ಕೂಗಬೇಡ್ರಿ, ನಿಧಾನ ಮಾಡ್ರಿ. ಕೂಗಿದರೆ ಸ್ವರಗಳೇ ಜೋರಾಗ್ತವೆ, ತಿಳಿಯಬೇಕಾದ ವ್ಯಂಜನಗಳು ಇನ್ನೂ ಮುಚ್ಚಿಹೋಗ್ತವೆ.

ರೊಕ್ಕದ ವಿಷಯ ಬಂತು, ಹೇಳಿಬಿಡ್ತೀನಿ. 'ದುಬಾರಿ ಮಶಿನ್ ತಗೊಂಡ್ರ ಚಲೋ ಕೇಳಸ್ತದ' ಅಂತ ಸಂಘದಲ್ಲಿ ದೊಡ್ಡ ಸಾಲ ಎತ್ತುವವರು ಇದನ್ನು ಗಮನಕ್ಕೆ ತಗೊಳ್ರಿ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಒಂದು ಪ್ರಯೋಗ ಮಾಡಿದರು, 2013ರಲ್ಲಿ ಪ್ರಕಟವಾಯಿತು. ಒಳಗೆ ಎರಡೂ ಒಂದೇ ಆಗಿರುವ ಮಶಿನ್‌ಗಳನ್ನು ಕೊಟ್ಟು, ಒಂದನ್ನು 'ಹೊಸ ಮಾದರಿ' ಅಂತ ಹೇಳಿದರು. ಹೆಚ್ಚಿನವರು ಹೊಸದೇ ಚಲೋ ಅಂದ್ರು. ಅಷ್ಟೇ ಅಲ್ಲ, ಗದ್ದಲದಲ್ಲಿ ಪದ ಗುರುತಿಸುವ ಪರೀಕ್ಷೆಯಲ್ಲೂ 'ಹೊಸದು' ಅಂದ ಮಶಿನ್ ಹಾಕಿಕೊಂಡಾಗ ಸ್ವಲ್ಪ ಚೆನ್ನಾಗಿ ಮಾಡಿದರು. ನೋಡ್ರಿ, ನಂಬಿಕೆ ಅಳತೆಯನ್ನೂ ಅಲ್ಲಾಡಿಸ್ತದೆ! ಇನ್ನೊಂದು ಅಮೆರಿಕದ ಮೆಂಫಿಸ್‌ನದು, 2014ರದು. ಅಲ್ಪ-ಮಧ್ಯಮ ನಷ್ಟ ಇರುವ 25 ಹಿರಿಯರಿಗೆ ಸಾದಾ ಮತ್ತು ದುಬಾರಿ ಮಶಿನ್‌ಗಳನ್ನು ತಿಂಗಳು ತಿಂಗಳು ಹಾಕಿಸಿ ನೋಡಿದರು. ಮಶಿನ್ ಹಾಕಿದ್ದರಿಂದ ಎಲ್ಲದರಲ್ಲೂ ಉಪಯೋಗ ಆಯಿತು, ಆದರೆ ಮಾತು ತಿಳಿಯುವುದರಲ್ಲಿ ದುಬಾರಿ ಮಶಿನ್ ಸಾದಾ ಮಶಿನಿಗಿಂತ ಮುಂದೆ ಹೋಗಲಿಲ್ಲ. 25 ಜನ ಬಹಳ ಅಲ್ಲ, ಆದ್ದರಿಂದ ಇದೇ ಕೊನೆ ಮಾತು ಅಂತ ನಾನು ಹೇಳುವುದಿಲ್ಲ. ಆದರೆ ಕಿವಿಗೆ ತಕ್ಕಂತೆ ಕೂಡಿಸಿದ ಸಾದಾ ಡಿಜಿಟಲ್ ಮಶಿನ್, ಅಳತೆಗೆ ಕೂತ ಅಚ್ಚು, ತಿರುಗಿ ಎರಡು-ಮೂರು ಸಲ ಹೋಗಿ ಹೊಂದಿಸಿಕೊಂಡು ಬರುವುದು, ಇವಿಷ್ಟು ಇದ್ದರೆ ಮನೆಯ ಬೆಳ್ಳಿ ಒತ್ತೆ ಇಡುವ ಅವಶ್ಯಕತೆ ಇಲ್ಲ. ರಸ್ತೆಬದಿಯಲ್ಲಿ, ಪರೀಕ್ಷೆ ಇಲ್ಲದೆ ಮಾರುವ ಮಶಿನ್ ಮಾತ್ರ ಬೇಡವೇ ಬೇಡ.

ಮಶಿನಿಗೆ ಹೋಗುವ ಮೊದಲು ಒಂದು ಕೆಲಸ ಮಾಡ್ರಿ. ಇದು ನನ್ನ ಸ್ವಂತದ್ದಲ್ಲ, ಆಸ್ಟ್ರೇಲಿಯಾದ ಹಾರ್ವಿ ಡಿಲ್ಲನ್ ಎಂಬುವರು 1997ರಲ್ಲಿ ಬಳಕೆಗೆ ತಂದ ಕ್ರಮ, ನಮ್ಮ ಮನೆಗಳಿಗೂ ಹೊಂದ್ತದೆ. ಮಶಿನ್ ಹಾಕಿಕೊಳ್ಳುವವರನ್ನೇ ಕೇಳ್ರಿ, ನಿಮಗೆ ಎಲ್ಲಿ, ಯಾರ ಮಾತು ಕೇಳಬೇಕಾಗಿದೆ? ಅವರು ಐದು ಸಂದರ್ಭಗಳ ತನಕ ಬರೆಸ್ತಿದ್ದರು, ನಾನು ಮೂರು ಸಾಕು ಅಂತೀನಿ. 'ಚೆನ್ನಾಗಿ ಕೇಳಿಸಬೇಕು' ಅಂತ ಬರೆಯಬಾರದು. 'ಮೊಮ್ಮಗ ಸಾಲಿಯಿಂದ ಬಂದು ಹೇಳೋದು ತಿಳೀಬೇಕು', 'ಸಂಘದಾಗ ಠರಾವು ಓದೋದು ತಿಳೀಬೇಕು', 'ಪುಣೆದಾಗ ಇರೋ ಮಗಳು ಫೋನಿನ್ಯಾಗ ಮಾತಾಡೋದು ತಿಳೀಬೇಕು', ಹೀಗೆ. ಮನೆಯವರೂ ಬೇರೆ ಚೀಟಿಯಲ್ಲಿ ತಮ್ಮ ಮೂರು ಬರೆಯಲಿ. ಎರಡೂ ಚೀಟಿ ಆಡಿಯಾಲಜಿಸ್ಟರ ಮುಂದೆ ಇಡ್ರಿ. ಮಗ ಬರೆದದ್ದು 'ಟಿ.ವಿ. ದನಿ ಕಡಿಮೆ ಆಗಬೇಕು', ಅವ್ವ ಬರೆಸಿದ್ದು 'ಭಜನಿ ಪದ ತಿಳೀಬೇಕು', ಹೀಗೆ ಬೇರೆ ಬೇರೆ ಆಗಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೀನಿ. ಮಶಿನ್ ಹಾಕಿ ತಿಂಗಳಾದ ಮೇಲೆ ಅದೇ ಚೀಟಿ ತೆಗೆದು, ಒಂದೊಂದಕ್ಕೂ ಸುಧಾರಣೆ ಇಲ್ಲ, ಸ್ವಲ್ಪ ಇದೆ, ಬಹಳ ಇದೆ ಅಂತ ಗುರುತು ಹಾಕ್ರಿ. ಆ ಗುರುತು ಹಿಡಿದುಕೊಂಡು ಹೋದರೆ ಮಶಿನನ್ನು ಎಲ್ಲಿ ಸರಿಮಾಡಬೇಕು ಅಂತ ಅವರಿಗೂ ಗೊತ್ತಾಗ್ತದೆ. 'ಕೇಳಸ್ತದೇನು' ಅಂದ್ರೆ 'ಹೂಂ' ಅನ್ನುವುದೊಂದೇ ಉತ್ತರ ಅಲ್ಲವೇ?

ಪರೀಕ್ಷೆಗೆ ಕಮಲಾಪುರ ಕಡೆಯವರೂ ಕಲಬುರಗಿಗೇ ಬರಬೇಕಾಗ್ತದೆ. ಜಿಮ್ಸ್ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಮೊದಲು ತೋರಿಸ್ರಿ. ಎಷ್ಟೋ ಜನರಿಗೆ ಗುಗ್ಗೆ ತೆಗೆದರೆ ಅಥವಾ ಸೋರುವ ಕಿವಿಗೆ ಔಷಧಿ ಮಾಡಿದರೆ ಸಾಕಾಗ್ತದೆ. ಒಂದು ಕಿವಿ ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಕೇಳಿಸದೇ ಹೋದರೆ ಮಾತ್ರ ಸಂತೆ ದಿನದ ತನಕ ಕಾಯಬೇಡ್ರಿ, ಅವತ್ತೇ ಹೋಗಬೇಕು, ತಡವಾದರೆ ಔಷಧಿ ನಾಟುವುದಿಲ್ಲ. ಬಿಸಿ ಎಣ್ಣೆ ಬಿಡುವುದು ಬೇಡ. ಮಶಿನಿಗೆ ಸರ್ಕಾರದ ದಾರಿಗಳೂ ಇವೆ. ಶೇ. 40ಕ್ಕೆ ಕಡಿಮೆ ಇಲ್ಲದ ಅಂಗವಿಕಲತೆಯ ಸರ್ಟಿಫಿಕೇಟ್ ಇದ್ದು ಆದಾಯದ ಮಿತಿಯೊಳಗಿದ್ದವರಿಗೆ ಕೇಂದ್ರದ ಎಡಿಪ್ ಯೋಜನೆ, 60 ವರ್ಷ ದಾಟಿದ ಬಡ ಕುಟುಂಬದವರಿಗೆ 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆ. ಇವು ಹೆಚ್ಚಾಗಿ ಶಿಬಿರಗಳ ಮೂಲಕ ಸಿಗ್ತವೆ. ಶಿಬಿರದಲ್ಲಿ ಮಶಿನ್ ಕೊಟ್ಟು ಫೋಟೋ ತೆಗೆದು ಕಳಿಸಿಬಿಟ್ರೆ ಕೆಲಸ ಮುಗೀಲಿಲ್ಲ. ಮೂರು ವಾರದ ಮೇಲೆ ಸಂಘದ ಒಬ್ಬರು ಆ ಮನೆಗೆ ಹೋಗಿ, ಆ ಮೂರು ಸಾಲಿನ ಚೀಟಿ ಹಿಡಿದು ಕೂಡಬೇಕು. ಅದು ಯಾವ ಯೋಜನೆಯಲ್ಲೂ ಸಿಗುವುದಿಲ್ಲ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅದರಲ್ಲಿ ಕೆಲವನ್ನು ಇಲ್ಲಿ ಕೊಡಲಾಗಿದೆ.

"ಮಶಿನ್ ಹಾಕಿದ್ರ ಇದ್ದ ಕಿವಿನೂ ಹೋಗ್ತದಂತ, ಹೌದೇನ್ರಿ ಮೇಡಂ?"

ಕಿವಿಯ ಅಳತೆಗೆ ಹೊಂದಿಸಿದ ಮಶಿನಿನಿಂದ ಹೋಗುವುದಿಲ್ಲ. ತಿಂಗಳುಗಟ್ಟಲೆ ಹಾಕಿಕೊಂಡವರು ಮಶಿನ್ ತೆಗೆದಾಗ 'ಮೊದಲಿಗಿಂತ ಕಡಿಮೆ ಕೇಳಸ್ತದ' ಅಂತಾರೆ. ಪರೀಕ್ಷೆ ಮಾಡಿದರೆ ಡೆಸಿಬಲ್ ಅಷ್ಟೇ ಇರ್ತದೆ. ಒಳ್ಳೆಯದು ರೂಢಿಯಾದ ಮೇಲೆ ಹಳೆಯದು ಕಡಿಮೆ ಅನ್ನಿಸುವುದು ಸಹಜ. ಆದರೂ ಅನುಮಾನ ಬಂದ್ರೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸ್ರಿ.

"ನಮ್ಮ ಅತ್ತಿ ಮಶಿನ್ ಸೀಟಿ ಹೊಡಿತದ್ರಿ. ಅದಕ್ಕೇ ತಗದು ಇಟ್ಟಾರ."

ಅಚ್ಚು ಸಡಿಲಾಗಿದೆ, ಇಲ್ಲವೇ ಕಿವಿಯಲ್ಲಿ ಗುಗ್ಗೆ ತುಂಬಿದೆ. ಎರಡೂ ಸರಿಯಾಗುವಂಥವು. ಹೊಸ ಅಚ್ಚು ಮಾಡಿಸ್ರಿ. ಬೇಸಿಗೆಯಲ್ಲಿ ಬೆವರಿನ ತೇವಕ್ಕೆ ಮಶಿನ್ ದನಿ ಕುಂದುವುದೂ ಉಂಟು. ರಾತ್ರಿ ಸೆಲ್ ಬಾಗಿಲು ತೆಗೆದು, ತೇವ ಹೀರುವ ಹರಳು ಹಾಕಿದ ಡಬ್ಬಿಯಲ್ಲಿ ಇಡ್ರಿ.

"ನಾವು ತಾಂಡಾದವರು. ನಮ್ಮ ಯಾಡಿಗೆ ಕನ್ನಡ ಅಷ್ಟು ಬರಂಗಿಲ್ಲ. ಪರೀಕ್ಷಾದಾಗ ಕನ್ನಡ ಪದ ಹೇಳು ಅಂದ್ರು. ಅರ್ಧಕ್ಕರ್ಧ ತಪ್ಪು ಅಂತ ಬರದಾರ. ಅಷ್ಟು ಕೆಟ್ಟಾದೇನ್ರಿ ಕಿವಿ?"

ಒಳ್ಳೆಯ ಪ್ರಶ್ನೆ ಕೇಳಿದ್ರಿ. 'ಕುಂಯ್' ಅನ್ನುವ ಶಬ್ದಕ್ಕೆ ಭಾಷೆ ಬೇಕಾಗುವುದಿಲ್ಲ, ಪದದ ಪರೀಕ್ಷೆಗೆ ಬೇಕು. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯವರು ಕನ್ನಡದಲ್ಲಿ ಪದಗಳ ಪಟ್ಟಿ, ವಾಕ್ಯಗಳ ಪಟ್ಟಿ ಮಾಡಿದ್ದಾರೆ. ಪದಗಳ ಒಂದು ಪಟ್ಟಿ 2005ರದು. ಅವು ಕನ್ನಡ ಮನೆಮಾತಿನವರಿಗಾಗಿ ಮಾಡಿದವು. ಮನೆಯಲ್ಲಿ ಲಂಬಾಣಿ ಆಡುವವರಿಗೆ, ನಗರದಲ್ಲಿ ಉರ್ದು ಆಡುವವರಿಗೆ ಕನ್ನಡ ಪದ ತಪ್ಪಿದರೆ ಅದು ಕಿವಿಯ ತಪ್ಪೋ, ಪದವೇ ಗೊತ್ತಿಲ್ಲದ್ದೋ ಅಂತ ಅಂಕಿ ನೋಡಿ ಹೇಳಲಿಕ್ಕೆ ಬರುವುದಿಲ್ಲ. ಮುಂದಿನ ಸಲ ಹೋದಾಗ ಮೊದಲೇ ಹೇಳ್ರಿ, 'ಯಾಡಿಯ ಮಾತು ಲಂಬಾಣಿ' ಅಂತ, ರಿಪೋರ್ಟಿನಲ್ಲೂ ಬರೀರಿ ಅನ್ರಿ. ನೀವು ಜೊತೆಗೆ ಹೋಗ್ರಿ. ಅವರ ಬೆನ್ನ ಹಿಂದೆ ನಿಂತು, ಅವರು ದಿನಾ ಬಳಸುವ ಲಂಬಾಣಿ ಪದಗಳನ್ನು ಸಾದಾ ದನಿಯಲ್ಲಿ ಒಂದೊಂದೇ ಹೇಳ್ರಿ, ಅವರು ತಿರುಗಿ ಹೇಳಲಿ, ಆಡಿಯಾಲಜಿಸ್ಟರು ನೋಡಲಿ. ಅದು ಪಕ್ಕಾ ಅಳತೆ ಅಲ್ಲ, ಆದರೆ ಆ ಅರ್ಧಕ್ಕರ್ಧದಲ್ಲಿ ಕಿವಿಯ ಪಾಲು ಎಷ್ಟು ಅಂತ ಒಂದು ಅಂದಾಜು ಸಿಗ್ತದೆ. ಮೂರು ಸಾಲಿನ ಚೀಟಿಯನ್ನೂ ಅವರ ಮಾತಿನಲ್ಲೇ ಕೇಳಿ ಬರ್ಕೊಳ್ರಿ. ಚೀಟಿ ಕನ್ನಡದಾಗ ಇದ್ರೂ ನಡೀತದ, ಕೇಳೋದು ಮಾತ್ರ ಅವರ ಮಾತಿನ್ಯಾಗ ಕೇಳ್ರಿ.